ಫಮಾವ ಮುಟ್ಟದ ದೋಣಿ

ಲಾಮು ದ್ವೀಪದ ಮಟೊಂಡೋನಿ ದಡದಲ್ಲಿ ಮುದುಕ ಫಮಾವ ಕಟ್ಟಿದ್ದು ನಲವತ್ತೊಂದು ದೋಣಿ. ನೀರು ಕಂಡದ್ದು ನಲವತ್ತು. ಯಾವುದಕ್ಕೂ ನಕ್ಷೆ ಇರಲಿಲ್ಲ. ಗೇಣು, ಮೊಳ, ಕಣ್ಣಂದಾಜು, ಅಷ್ಟೆ. ಹದಿಮೂರಕ್ಕೆ ಸೋದರಮಾವನಿಂದ ಬಾಚಿ ಹಿಡಿಯಲು ಕಲಿತವನು ಎಪ್ಪತ್ತಾದರೂ ಕೆಳಗಿಟ್ಟಿರಲಿಲ್ಲ. ನಾಲಿಗೆ ಬಾಚಿಗಿಂತ ಹರಿತ. "ಈ ಹಲಗೆ ನಿದ್ದೇಲಿ ಕೊಯ್ದ್ಯೋ, ಮದುವೆ ಊಟ ಮಾಡ್ಕೊಂಡು ಕೊಯ್ದ್ಯೋ?" ಎಂದು ಅವನಿಂದ ಕೇಳಿಸಿಕೊಳ್ಳದ ಬಡಗಿ ಆ ಊರಲ್ಲಿಲ್ಲ.

ನಲವತ್ತೊಂದನೆಯದನ್ನು ಕಟ್ಟಿಸಿದ್ದು ಹೊರದೇಶದ ಒಂದು ಪ್ರವಾಸಿ ಕಂಪನಿ. ಮಾತಾದ ದಿನ ಫಮಾವ ಬಂದವರ ಜೊತೆ ಕೂತು ಕುರಾನಿನ ಮೊದಲ ಪ್ರಾರ್ಥನೆ ಫಾತಿಹಾ ಓದಿದ. ಅವನ ಮಟ್ಟಿಗೆ ಒಪ್ಪಂದ ಅಲ್ಲಿಗೆ ಗಟ್ಟಿಯಾಯಿತು. ಆಮೇಲೆ ಅವರು ಚಾಚಿದ ಕಾಗದಕ್ಕೆ ರುಜು ಹಾಕಿದ್ದು ಅತಿಥಿಗಳ ಮನಸ್ಸು ನೋಯದಿರಲಿ ಎಂದು. ದೋಣಿ ಸಿದ್ಧವಾದಾಗ ಅವರು ಹಾಯಿಕಂಬ ಕತ್ತರಿಸಿ ಅದನ್ನು ದಡದಲ್ಲೇ ಹೋಟೆಲು ಮಾಡುತ್ತೇವೆ ಎಂದರು.

"ಸಮುದ್ರಕ್ಕೆ ಹೋಗೋ ದೋಣಿ ಅಂತ ಕಟ್ಟಿಸಿದ್ರಿ. ನಿಮ್ಮ ಮುಂಗಡ ತಗೊಂಡು ಹೋಗಿ. ಮೂಗು ಕೊಯ್ಯೋರಿಗೆ ನಾನು ಮಗಳನ್ನ ಕೊಡಲ್ಲ" ಎಂದ ಫಮಾವ.

ಕಂಪನಿ ದಾವೆ ಹೂಡಿತು. ಶಾಲೆಯಲ್ಲಿ ಪಾಠ ಹೇಳುವ ಮಗಳು ಏಶಾ ಅವನನ್ನು ಮೊಂಬಾಸಾದ ವಕೀಲೆ ಜುಮ್ವಾಳ ಬಳಿ ಕರೆದೊಯ್ದಳು. ಮೊಂಬಾಸಾದ ಕೋರ್ಟು ಕಾಗದದ ಒಂಬತ್ತನೆಯ ಕಲಮು ನೋಡಿ ಕೈ ತೊಳೆದುಕೊಂಡಿತು. ತಕರಾರು ಬಂದರೆ ಸಮುದ್ರದಾಚೆಯ ನಗರದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯವೇ ವಿಚಾರಿಸತಕ್ಕದ್ದು ಎಂದು ಅಲ್ಲಿ ಬರೆದಿತ್ತು.

"ಅಲ್ಲಮ್ಮಾ, ಮರ ನಮ್ಮದು, ಮರಳು ನಮ್ಮದು. ಅವರಿಗೇನು ಅಧಿಕಾರ?"

"ಅಜ್ಜಾ, ಬೇರೆ ಬೇರೆ ದೇಶದ ವ್ಯಾಪಾರಿಗಳು ಜಗಳ ಆಡಿದ್ರೆ ಯಾರ ಕಡೆಗೂ ವಾಲದೆ ತೀರ್ಮಾನ ಮಾಡೋಕೆ ಅಂತಲೇ ಇರೋ ಕೋರ್ಟು ಅದು. ಅದರ ಗಡಿ ನೆಲದ ಮೇಲಿಲ್ಲ. ನೀವು ರುಜು ಹಾಕಿದ್ರಲ್ಲ, ಅಲ್ಲಿಂದ ಶುರು" ಎಂದಳು ಜುಮ್ವಾ.

ಆ ನ್ಯಾಯಾಲಯದ ಮೊದಲ ಆದೇಶ ಬಂತು: ತೀರ್ಪಿನವರೆಗೆ ದೋಣಿ ಇದ್ದ ಹಾಗೆಯೇ ಫಮಾವನ ವಶದಲ್ಲಿರಲಿ. "ನಿಮ್ಮನ್ನ ನಂಬಿ ಬಿಟ್ಟಿದ್ದಾರೆ ಅಜ್ಜಾ" ಎಂದು ಜುಮ್ವಾ ಫೋನಿನಲ್ಲಿ ಹೇಳಿದಳು. ಅಷ್ಟೇ ಸಾಕಾಯಿತು. ನಂಬಿ ಬಿಟ್ಟ ವಸ್ತುವಿಗೆ ಅಲ್ಲಿಯವರು ಅಮಾನಾ ಎನ್ನುತ್ತಾರೆ. ಹಜ್‌ಗೆ ಹೋಗಿ ಹಿಂದಿರುಗದ ನೆರೆಯವನ ಪೆಟ್ಟಿಗೆಯನ್ನು ಫಮಾವನ ತಾಯಿ ಹನ್ನೊಂದು ವರ್ಷ ಧೂಳು ಕೂಡ ಒರೆಸದೆ ಇಟ್ಟುಕೊಂಡಿದ್ದಳು. ಆ ತಾಯಿಯ ಮಗ ಇವನು.

ದಡದಲ್ಲಿ ನಿಂತ ದೋಣಿಗೆ ದಿನಾ ಉಪ್ಪುನೀರು ಹೊಯ್ಯಬೇಕು, ಆಗಾಗ ಶಾರ್ಕ್ ಮೀನಿನ ಎಣ್ಣೆ ತಿಕ್ಕಬೇಕು. ಇಲ್ಲದಿದ್ದರೆ ಬಿಸಿಲಿಗೆ ಮರ ಸೀಳುತ್ತದೆ. ಫಮಾವ ಒಂದು ಕೊಡವೂ ಹೊಯ್ಯಲಿಲ್ಲ.

"ಬಾಬಾ, ನೀರು ತಾನೇ? ಜುಮ್ವಾಳನ್ನ ಒಂದು ಮಾತು ಕೇಳ್ಲಾ?" ಎಂದಳು ಏಶಾ.

"ಅಮಾನಾಕ್ಕೆ ಕೈ ಹಚ್ಚಬಹುದಾ ಅಂತ ಕೇಳೋದೇ ಕಳ್ಳತನದ ಮೊದಲ ಮೆಟ್ಲು. ಮಕ್ಕಳಿಗೆ ಇದನ್ನೇ ಏನು ಪಾಠ ಹೇಳೋದು ನೀನು?"

ಏಶಾ ಜುಮ್ವಾಗೆ ಫೋನು ಮಾಡಲಿಲ್ಲ. ಎರಡು ಬೇಸಿಗೆ ಕಳೆದವು. ಅವನು ದಿನವೂ ದೋಣಿಗೆ ಬೆನ್ನು ಹಾಕಿ ಕೂರುತ್ತಿದ್ದ. ಮಧ್ಯಾಹ್ನ ಹಲಗೆ ಬಿರಿದ ಸದ್ದಾದರೆ ಜೋರಾಗಿ ಕೆಮ್ಮುತ್ತಿದ್ದ, ಪಕ್ಕದವರಿಗೆ ಕೇಳದಿರಲಿ ಎಂದು.

ಇಪ್ಪತ್ತಾರನೆಯ ತಿಂಗಳಿಗೆ ತೀರ್ಪು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ದೋಣಿಯ ಬಿರುಕುಗಳಲ್ಲಿ ಆಗ ಅಂಗೈ ತೂರುತ್ತಿತ್ತು, ಅಡಿಮರ ತಿರುಚಿಕೊಂಡಿತ್ತು. ಜಗಲಿಯಲ್ಲಿ ಕೂತು ಏಶಾ ಫೋನು ನೋಡಿ ತಮ್ಮ ಮಾತಿನಲ್ಲಿ ಹೇಳತೊಡಗಿದಳು: ಕಾಗದದಲ್ಲಿ ಇದ್ದದ್ದು ಹಾಯಿದೋಣಿ, ಹೋಟೆಲಲ್ಲ, ದೋಣಿ ಫಮಾವನದೇ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ದೋಣಿ ಹಾಳಾದದ್ದಕ್ಕೆ ಕಂಪನಿ ಹೊಣೆಯಲ್ಲ. ಮಾರಬಾರದು, ನೀರಿಗಿಳಿಸಬಾರದು ಎಂದಷ್ಟೇ ಆದೇಶದ ಅರ್ಥ. ನೀರು ಹೊಯ್ದು ಎಣ್ಣೆ ಹಚ್ಚಿ ಕಾಪಾಡಲು ಯಾವ ಅಡ್ಡಿಯೂ ಇರಲಿಲ್ಲ.

ಆ ಸಾಲನ್ನು ಏಶಾ ಮನಸ್ಸಿನಲ್ಲೇ ಓದಿಕೊಂಡಳು. ಅವತ್ತು ಅಪ್ಪನ ಮಾತು ಮೀರಿ ಒಂದು ಫೋನು ಮಾಡಿದ್ದರೆ ಸಾಕಿತ್ತು.

"ಯಾಕೆ ನಿಲ್ಸಿದೆ? ಇನ್ನೇನೋ ಇರೋ ಹಾಗಿದೆ."

"ಜಡ್ಜ್ ಹೆಸರು ಬಾಬಾ. ರುಜು."

ಫಮಾವ ತಲೆದೂಗಿದ. "ಒಳ್ಳೇ ಮನುಷ್ಯ. ಗುರುತು ಪರಿಚಯ ಇಲ್ದೆ ನನ್ನ ನಂಬಿದ. ನಾನೂ ಅವನ ಮಾತಿಗೆ ಒಂದು ಹನಿ ನೀರಿನಷ್ಟೂ ತಪ್ಪಲಿಲ್ಲ, ಅಲ್ವಾ?"

"ಇಲ್ಲ ಬಾಬಾ" ಎಂದಳು ಏಶಾ.