ಬೀಗರ ಅಂಗಳದಲ್ಲಿ ನಮ್ಮ ವ್ಯಾನು

ಎಡಗಡೆಯ ಪರದೆಗೆ ಕೆಂಪು ದಡಿ ಕೆಳಗೆ ಬಂದಿತ್ತು. ಬಲಗಡೆಯ ಪರದೆಗೆ ಅದೇ ದಡಿ ಮೇಲೆ ಬಂದಿತ್ತು. ಅಜ್ಜಿ ಎರಡನ್ನೂ ಒಂದೇ ಖಣದ ಬಟ್ಟೆಯಲ್ಲಿ, ಒಂದೇ ಮಧ್ಯಾಹ್ನ ಹೊಲಿದಿದ್ದಳು. ತೋರಿಸಿದಾಗ ಬಿಚ್ಚಿ ಹೊಲಿಯಲು ಒಪ್ಪಲಿಲ್ಲ. “ಎರಡೂ ಕಡೆ ಒಮ್ಮೆಲೇ ನಿಂತು ಯಾರು ನೋಡ್ತಾರ, ಬಿಡು,” ಎಂದಳು.

ಪರದೆಗಳು ಮನೆಯವಲ್ಲ, ವ್ಯಾನಿನವು. ಶಾಲೆಯ ಮಕ್ಕಳನ್ನು ಸಾಗಿಸಿ ಸವೆದಿದ್ದ ಆ ಹಳೆಯ ವ್ಯಾನನ್ನು ಅಜ್ಜ ಚಳಿಗಾಲದಲ್ಲಿ ಕೊಂಡಿದ್ದ. ಯಾರೋ ವಯಸ್ಸಾದ ಗಂಡ ಹೆಂಡತಿ ಇಂಥದೇ ಗಾಡಿಯಲ್ಲಿ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ ಊರೂರು ಸುತ್ತುವುದನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಅವನಿಗೆ ಬೇರೆ ಮಾತೇ ಇರಲಿಲ್ಲ. ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಹಿಂದಿನ ಸೀಟುಗಳನ್ನು ತೆಗೆಸಿ, ಪ್ಲೈವುಡ್ಡಿನ ಮಂಚ ಕೂಡಿಸಿ, ಮಂಚದ ಕೆಳಗೆ ಖಾನೆಗಳನ್ನು ಮಾಡಿಸಿದ. ಕಿಟಕಿಗಳಿಗೆ ಸೊಳ್ಳೆಯ ಜಾಳಿಗೆ ಬಡಿಸಿದ. ಕಣ್ಣಿನ ಆಪರೇಷನ್ ಆದ ಮೇಲೆ ಅವನು ಗಾಡಿ ಓಡಿಸುವುದನ್ನು ಬಿಟ್ಟಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಪಾಠ ಹೇಳುವ ಕಾಲೇಜಿಗೆ ಆಗ ರಜೆ. ನನ್ನನ್ನು ಹೆಚ್ಚು ಪ್ರಶ್ನೆ ಕೇಳದ ಇಬ್ಬರೊಂದಿಗೆ ಪ್ರಯಾಣ ಮಾಡುವುದು ನನಗೆ ಹಿತ.

ಅಜ್ಜ ಇದನ್ನು ಸೃಷ್ಟಿ ನೋಡುವ ಪ್ರವಾಸ ಎನ್ನುತ್ತಿದ್ದ. ಅಜ್ಜಿಗೆ ಬೇಕಾಗಿದ್ದು ಬೇರೆ. ಬಬಲೇಶ್ವರದಲ್ಲಿ ಅವಳ ಮಗಳಿದ್ದಾಳೆ, ನನ್ನ ಸೋದರತ್ತೆ. ಅತ್ತೆಗೆ ಇಬ್ಬರು ಮಕ್ಕಳು: ಈ ಬೇಸಿಗೆಗೆ ಏಳನೆಯ ತರಗತಿ ಮುಗಿಸಿದ ಹುಡುಗಿ, ಇನ್ನೂ ಶಾಲೆಗೆ ಹೋಗದ ಹುಡುಗ. ನಾವಿರುವ ವಿಜಯಪುರದಿಂದ ಬಬಲೇಶ್ವರ ಹತ್ತಿರ. ಹತ್ತಿರವಾಗಿರುವುದೇ ತೊಂದರೆ. ಮುಂಜಾನೆ ಬಂದ ಮಕ್ಕಳು ಸಂಜೆಗೆ ತಿರುಗಿ ಹೋಗುತ್ತಾರೆ. ಹುಡುಗನಂತೂ ಹೊತ್ತು ಮುಳುಗುವ ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ.

ಅಜ್ಜಿಯೇ ಹೋಗಿ ಅಲ್ಲಿ ಇರುವಂತಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ತಂದೆ ತಾಯಿ ಉಣ್ಣಬಹುದು, ಚಹಾ ಕುಡಿಯಬಹುದು, ರಾತ್ರಿ ವಸ್ತಿ ಮಾತ್ರ ಇರಬಾರದು ಎಂಬುದು ಅವಳ ತವರಿನ ರೂಢಿ. ಅವಳ ತಾಯಿಯೂ ನಮ್ಮ ಮನೆಯಲ್ಲಿ ಒಂದು ರಾತ್ರಿ ಮಲಗಲಿಲ್ಲವಂತೆ. ಹುಡುಗ ಹುಟ್ಟಿದ್ದೂ ಬಬಲೇಶ್ವರದಲ್ಲೇ. ಹೀಗಾಗಿ ಅಜ್ಜಿ ಅವನನ್ನು ಎತ್ತಿ ಆಡಿಸಿದ್ದಾಳೆ, ಉಣಿಸಿದ್ದಾಳೆ, ಬೈದಿದ್ದಾಳೆ. ಅವನು ಬೆಳಗ್ಗೆ ನಿದ್ದೆಯಿಂದ ಏಳುವುದನ್ನು ನೋಡಿಲ್ಲ.

“ಒಂದ ರಾತ್ರಿ ನನ್ನ ಮಗ್ಗಲದಾಗ ಮಕ್ಕೊಂಡು ಎದ್ದರ ಸಾಕು,” ಎಂದು ಅವಳು ಪ್ಲೈವುಡ್ಡಿನ ಮೇಲೆ ಕೌದಿ ಹಾಸಿ ಅಳತೆ ನೋಡುತ್ತ ಹೇಳಿದಳು. “ಗಾಡಿ ನಮ್ದು. ಅಂದಮ್ಯಾಲ ಇದು ನಮ್ಮ ಮನಿ. ಅವರ ಮನ್ಯಾಗ ವಸ್ತಿ ಇದ್ದಂಗ ಆಗೂದಿಲ್ಲ.”

“ಗಾಲಿ ಇದ್ದದ್ದು ಮನಿ ಹೆಂಗ ಆಕ್ಕೈತಿ?” ಎಂದ ಅಜ್ಜ.

“ಮ್ಯಾಲ ಛಾವಣಿ ಐತೋ ಇಲ್ಲೋ, ಅಷ್ಟ ಹೇಳ್ರಿ.”

ನೇರ ಹೋದರೆ ಗಂಟೆಯೊಳಗೆ ಮುಟ್ಟುವ ಊರು. ಅಷ್ಟನ್ನು ಪ್ರವಾಸ ಎನ್ನಲು ಅಜ್ಜನಿಗೆ ಮನಸ್ಸಿರಲಿಲ್ಲ. ಮೊದಲು ತಿಕೋಟಾ, ಅಲ್ಲಿಂದ ಕಳ್ಳಕವಟಗಿ, ಬಿಜ್ಜರಗಿ, ಮರುದಿನ ಬಬಲೇಶ್ವರ, ಅದರ ಮರುದಿನ ಬಿಸಿಲೇರುವ ಮೊದಲು ಮಮದಾಪುರದ ಕೆರೆ. ಹೀಗೆಂದು ಅವನು ತೀರ್ಮಾನಿಸಿದ್ದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ನೀರಿನ ಎರಡು ಕ್ಯಾನು, ಚಿಕ್ಕ ಗ್ಯಾಸ್ ಒಲೆ ಇಟ್ಟುಕೊಂಡು ನಸುಕಿನಲ್ಲಿ ಹೊರಟೆವು.

ತಿಕೋಟಾ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ನೆಲ ಒಂದೇ ಬಣ್ಣಕ್ಕಿರುವುದಿಲ್ಲ. ಉಳುಮೆಯಾದ ಎರಿಹೊಲದ ಕಪ್ಪು, ಅದರ ಪಕ್ಕದಲ್ಲೇ ಬೋಳು ಮಡ್ಡಿಯ ಕಂದು, ನಡುವೆ ಯಾರೋ ಎತ್ತಿ ತಂದಿಟ್ಟಂತೆ ದ್ರಾಕ್ಷಿ ಪಡದ ಹಸಿರು. ಹಣ್ಣು ಇಳಿಸಿ ಆಗಿತ್ತು. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಜಾಳಿಗೆಯ ಅಟ್ಟಗಳು ಒಂದರ ಮೇಲೊಂದು ಇದ್ದವು. ಗಾಳಿ ನಮ್ಮ ಕಡೆ ತಿರುಗಿದಾಗಲೆಲ್ಲ ಹುಳಿ ಬೆರೆತ ಸಿಹಿ ವಾಸನೆ ವ್ಯಾನಿನೊಳಗೆ ಬರುತ್ತಿತ್ತು. ಕಳ್ಳಕವಟಗಿಯ ಹತ್ತಿರ ಕುರಿ ಹಿಂಡು ಅಡ್ಡ ಬಂತು. ನಾನು ಎಂಜಿನ್ ನಿಲ್ಲಿಸಿದೆ. ಕುರಿಗಳು ವ್ಯಾನಿಗೆ ಮೈ ಉಜ್ಜಿಕೊಂಡು ಎರಡು ಪಾಲಾಗಿ ಹಾದು, ಹಿಂದೆ ಮತ್ತೆ ಒಂದಾದವು. ಅದನ್ನು ನೋಡಲು ನಾನು ಕನ್ನಡಿಯನ್ನು ಸ್ವಲ್ಪ ತಿರುಗಿಸಿದೆ.

ಅಜ್ಜ ನೋಡುತ್ತಿದ್ದುದು ಕರೆಂಟಿನ ಕಂಬಗಳನ್ನು. ನೌಕರಿಯ ಬಹುಪಾಲು ಅವನು ಈ ಹಳ್ಳಿಗಳಲ್ಲಿ ತಂತಿ ಎಳೆಸಿದವನು. “ಇದು ನಾ ಇದ್ದಾಗ ನಿಲ್ಲಿಸಿದ್ದು. ಅಗದೀ ನೆಟ್ಟಗ ಐತಿ ನೋಡು. ಅಲ್ಲಿ ವಾಲೈತಲ್ಲ, ಅದು ನನ್ನ ನಂತರದವರದು.”

“ಸೃಷ್ಟಿ ನೋಡೂಣು ಅಂತ ಕರಕೊಂಡ ಬಂದು ಕಂಬಾ ತೋರಸಾಕತ್ತಾರ,” ಎಂದು ಅಜ್ಜಿ ನನ್ನ ಬೆನ್ನಿಗೆ ಹೇಳಿದಳು.

ಆ ರಾತ್ರಿ ಬಿಜ್ಜರಗಿಯ ಹತ್ತಿರ, ಅಜ್ಜನ ಜೊತೆ ಕೆಲಸ ಮಾಡಿದವರೊಬ್ಬರ ತೋಟದಲ್ಲಿ ವ್ಯಾನು ನಿಲ್ಲಿಸಿದೆವು. ಅಜ್ಜ ಅಜ್ಜಿ ವ್ಯಾನಿನಲ್ಲಿ, ನಾನು ತೋಟದ ಮನೆಯ ಹೆಂಗಸರ ಜೊತೆ ಬಯಲಲ್ಲಿ ಹೊರಸಿನ ಮೇಲೆ. ಒಳಗೆ ಗಾಳಿ ಸಾಲದೆ ಅಜ್ಜ ಹಿಂಬಾಗಿಲು ತೆರೆದು ಕಾಲು ಹೊರಗೆ ಚಾಚಿ ಮಲಗಿದ್ದ.

ಬಬಲೇಶ್ವರದ ಮನೆಯನ್ನು ಮರುದಿನ ಊಟದ ಹೊತ್ತಿಗೆ ಮುಟ್ಟಿದೆವು. ಅತ್ತೆಯ ಗಂಡ, ಮಾವ ಇಬ್ಬರೂ ತಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿದ್ದರು. ಆ ದಿನಗಳಲ್ಲಿ ಅವರು ಮಲಗುವುದೂ ಅಲ್ಲಿಯೇ. ಮನೆಯಲ್ಲಿದ್ದವರು ಅತ್ತೆ, ಮಕ್ಕಳು, ಮತ್ತು ಅತ್ತೆಯ ಅತ್ತೆ. ಅವರನ್ನು ನಾನಿಲ್ಲಿ ಬೀಗತಿ ಎಂದೇ ಬರೆಯುತ್ತೇನೆ. ಎತ್ತರದ, ಗಟ್ಟಿ ದನಿಯ ಹೆಂಗಸು. ಕಾಲಿಗೆ ನೀರು ಕೊಟ್ಟು, ಎಣ್ಣೆಗಾಯಿ ಬಡಿಸಿ, ಊಟದ ನಡುವೆ ನನ್ನನ್ನು ಕೇಳಿದರು: “ನಿನ್ನ ಮದವಿ ಊಟಾ ಯಾವಾಗವಾ?”

“ಇನ್ನಾ ಒಲಿನ ಹಚ್ಚಿಲ್ರಿ,” ಎಂದೆ. ಅವರು ನಕ್ಕು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದರು.

ಎಲ್ಲವೂ ಚೆನ್ನಾಗಿತ್ತು. ಕೆಟ್ಟದ್ದು ಸಂಜೆ, ಅಂಗಳದ ಬೇವಿನ ಪಕ್ಕ ನಿಂತಿದ್ದ ವ್ಯಾನಿನಲ್ಲಿ ಅಜ್ಜಿ ಕೌದಿ ಝಾಡಿಸತೊಡಗಿದಾಗ.

“ಅಕ್ಕಾರ, ಅಲ್ಲೇನ ಮಾಡಾಕತ್ತೀರಿ?” ಎಂದರು ಬೀಗತಿ ಬಾಗಿಲಲ್ಲಿ ನಿಂತು.

“ಹಾಸಿಗಿ ಹಾಸಾಕತ್ತೇನ್ರಿ.”

“ಯಾರಿಗೆ?”

“ನಮಗ್ರಿ.”

ಬೀಗತಿ ಮೆಟ್ಟಿಲಿಳಿದು ಬಂದರು. “ನಮ್ಮ ಮನ್ಯಾಗ ಹಾಸಿಗಿ ಇಲ್ಲಂತ ತಿಳದೀರೇನು? ಬೀಗರನ್ನ ಅಂಗಳದಾಗ ಮಲಗಿಸ್ಯಾಳ ಅಂತ ಓಣಿ ಮಂದಿ ನನಗ ಅನ್ನಲಿ, ಹಂಗೇನು?”

“ಹಂಗಲ್ರಿ. ಇದು ನಮ್ಮ ಮನಿ. ನಮ್ಮ ಮನ್ಯಾಗ ನಾವು ಮಕ್ಕೊಳ್ಳಾಕತ್ತೇವಿ.”

“ನಿಮ್ಮ ಮನಿ ನಮ್ಮ ಅಂಗಳಕ್ಕ ಹೆಂಗ ಬಂತ್ರಿ ಮತ್ತ?”

“ಅದನ್ನ ನಾನೂ ಕೇಳೀನ್ರಿ ಅಕ್ಕಾರ,” ಎಂದ ಅಜ್ಜ. “ಉತ್ತರಾ ಸಿಕ್ಕಿಲ್ಲ.”

ಯಾರೂ ನಗಲಿಲ್ಲ. ಬೀಗತಿ ಒಳಗೆ ಹೋದರು. ಅಡುಗೆಮನೆಯಲ್ಲಿ ಅತ್ತೆ ನನ್ನ ಕೈಗೆ ಬೆಳ್ಳುಳ್ಳಿ ಕೊಟ್ಟು, ದನಿ ತಗ್ಗಿಸಿ, “ನೀವು ಮುಂಜಾನೆ ಗಾಡಿ ಹೊಡಕೊಂಡು ಹೋಗ್ತೀರಿ. ನಾ ಇದನ್ನ ದೀಪಾವಳಿ ಮಟಾ ಕೇಳಬೇಕು. ಯವ್ವಗ ಒಂದ ಮಾತ ಹೇಳಬಾರದೇನ ನೀ?” ಎಂದಳು. ನಾನು ಬೆಳ್ಳುಳ್ಳಿ ಸುಲಿದೆ. ಹೇಳಲು ಹೋದರೆ ಅಜ್ಜಿ ಕೌದಿ ಮಡಚಿ, ಕತ್ತಲಾಗುವ ಮೊದಲೇ ವಿಜಯಪುರಕ್ಕೆ ನಡಿ ಎನ್ನುತ್ತಾಳೆಂದು ನನಗೆ ಗೊತ್ತಿತ್ತು. ಮೊಮ್ಮಗ ಮಗ್ಗುಲಲ್ಲಿ ಮಲಗುವ ಆಸೆ ಅಲ್ಲಿಗೆ ಮುಗಿಯುತ್ತಿತ್ತು.

ರಾತ್ರಿಯ ಊಟಕ್ಕೆ ಬೀಗತಿ ತಾವೇ ಬಡಿಸಿದರು. ‘ತಗೋರಿ’ ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲ. ಬೇಡ ಎಂದರೆ ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ನಮ್ಮ ಕಡೆ ಅದು ಬೈಗುಳಕ್ಕಿಂತ ಹೆಚ್ಚು.

ಊಟವಾದ ಕೂಡಲೇ ಹುಡುಗ ತನ್ನ ತಲೆದಿಂಬು ಹೊತ್ತು ವ್ಯಾನು ಹತ್ತಿದ. ಅಕ್ಕನನ್ನೂ ಹತ್ತಿಸಿಕೊಂಡ. ಪರದೆ ಎಳೆದ, ತೆಗೆದ, ಖಾನೆಯೊಳಗೆ ಕೈ ಹಾಕಿದ. ಅಜ್ಜಿ ಏನನ್ನೂ ಬೇಡ ಎನ್ನಲಿಲ್ಲ. ಹೊರಗೆ ಪೂರ್ತಿ ಕತ್ತಲಾದಾಗ ಅವನು ಸುಮ್ಮನಾಗಿ ಮನೆಯ ಬಾಗಿಲ ಕಡೆ ನೋಡಿದ.

“ಆಯಿ ಎಲ್ಲಿ?” ಬೀಗತಿಯನ್ನು ಮಕ್ಕಳು ಆಯಿ ಎಂದೇ ಕರೆಯುವುದು.

“ಆಯಿ ಒಳಗ ಮಕ್ಕೋತಾಳಪ್ಪಾ. ನೀ ಇವತ್ತ ನನ್ನ ಬಾಜೂ,” ಎಂದಳು ಅಜ್ಜಿ.

ಅವನ ಕೆಳತುಟಿ ಮುಂದೆ ಬಂತು. ಅಳು ಶುರುವಾಗುವ ಮೊದಲೇ ಬೀಗತಿ ಹಿಂಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರೆಂದು ಕಾಣುತ್ತದೆ. “ನನ್ನ ಸೆರಗ ಹಿಡೀಲಾರದ ಇಂವ ನಿದ್ದಿ ಮಾಡೂದಿಲ್ಲ. ನಿಮ್ಮ ಮನ್ಯಾಗ ನನ್ನ ಸೆರಗ ಎಲ್ಲಿಂದ ತರ್ತೀರಿ?”

“ನೀವ ಬರ್ರಲಾ,” ಎಂದಳು ಅಜ್ಜಿ, ತುಸು ಸಿಟ್ಟಿನಲ್ಲೇ.

“ಕರದ್ರ ಬರ್ತಿದ್ನಿ. ಲಗ್ನ ಆದಾಗಿಂದ ಒಮ್ಮೆರ, ಬೀಗತಿ, ಬಾ, ವಸ್ತಿ ಇರು ಅಂದೀರೇನ್ರಿ?”

ಹುಡುಗಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

“ನಾ ಕರದ್ರ ನೀವೂ ನನ್ನ ಕರೀತಿದ್ರಿ,” ಎಂದಳು ಅಜ್ಜಿ. “ನನಗ ಬರಾಕ ಬರೂದಿಲ್ಲ. ನಿಮ್ಮನ್ನ ಕರಿಸಿಕೊಂಡು, ನೀವು ಕರದಾಗ ಒಲ್ಲೆ ಅನ್ನೂದು ಹೆಂಗ? ಅದಕ್ಕ ಸುಮ್ನ ಇದ್ದೆ.”

“ನೀವು ಸುಮ್ನ ಇದ್ದದ್ದಕ್ಕ ನಾ ಏನೇನ ತಿಳಕೊಂಡೀನಿ ಗೊತ್ತೈತೇನು?”

“ಏನ ತಿಳಕೊಂಡ್ರಿ?”

“ಪ್ಯಾಟ್ಯಾಗಿನ ಮಂದಿ. ನಾವು ಅವರ ಮನಿಗೆ ಸಾಲೂದಿಲ್ಲ ಅಂತ.”

ಅಜ್ಜಿ ಮಂಚದಿಂದ ಇಳಿದಳು. ಸೆರಗು ಸರಿ ಮಾಡಿಕೊಂಡು ವ್ಯಾನಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. “ಹಂಗಾರ ಈಗ ಕರೀತೇನಿ. ಇದು ನಮ್ಮ ಮನಿ. ಬರ್ರಿ, ಇವತ್ತ ವಸ್ತಿ ಬರ್ರಿ.”

ಬೀಗತಿ ವ್ಯಾನನ್ನು ಮೇಲಿಂದ ಕೆಳಗೆ ನೋಡಿದರು. “ಮನಿಗೆ ಬಂದವರ ಕಾಲಿಗೆ ನೀರ ಕೊಡೂ ಪದ್ಧತಿ ಇಲ್ಲೇನ್ರಿ ನಿಮ್ಮಲ್ಲಿ?”

ನಾನು ಕ್ಯಾನಿನಿಂದ ತಂಬಿಗೆಗೆ ನೀರು ಬಗ್ಗಿಸಿ ಕೊಟ್ಟೆ. ಅವರು ತಮ್ಮದೇ ಅಂಗಳದಲ್ಲಿ ಕಾಲು ತೊಳೆದುಕೊಂಡು ನಮ್ಮ ಮನೆಯನ್ನು ಹತ್ತಿದರು. ಅತ್ತೆ ಒಳಗಿನಿಂದ ಓಡಿ ಬಂದು, ಏನಾಗುತ್ತಿದೆ ಎಂದು ತಿಳಿಯದೆ, ಕೈಯಲ್ಲಿದ್ದ ಸವಟು ಹಿಡಿದುಕೊಂಡೇ ನಿಂತಳು.

ಮೊದಲ ಸಲ ವಸ್ತಿ ಬಂದ ಬೀಗತಿಗೆ ಉಡಿ ತುಂಬದೆ ಇರಲಾಗುವುದಿಲ್ಲ. ಮಗಳ ಮನೆಗೆ ತರಬೇಕಾದುದನ್ನೆಲ್ಲ ಅಜ್ಜಿ ಮಧ್ಯಾಹ್ನವೇ ಮಗಳಿಗೆ ಕೊಟ್ಟಾಗಿತ್ತು. ತನ್ನ ಮನೆಗೂ ಬೀಗರು ಬಂದಾರು ಎಂದು ಅವಳು ಯೋಚಿಸಿಯೇ ಇರಲಿಲ್ಲ. ಮಂಚದ ಕೆಳಗಿನ ಖಾನೆಯಲ್ಲಿ ಅಕ್ಕಿ ಇತ್ತು, ಒಣಕೊಬ್ಬರಿಯ ಬಟ್ಟಲಿತ್ತು. ಅರಿಷಿಣ ಕುಂಕುಮವನ್ನು ಅತ್ತೆ ತಂದಳು. ಖಣ ಮಾತ್ರ ಇಲ್ಲ. ಕೊನೆಗೆ, ಪರದೆ ಹೊಲಿದು ಉಳಿದಿದ್ದ ತುಂಡನ್ನು ಅಜ್ಜಿ ತನ್ನ ಚೀಲದ ತಳದಿಂದ ತೆಗೆದು ಮಡಚಿ, ಅಕ್ಕಿಯ ಜೊತೆ ಇಟ್ಟಳು.

ಬೀಗತಿ ಸೆರಗೊಡ್ಡಿ ಉಡಿ ತುಂಬಿಸಿಕೊಂಡರು. ಖಣವನ್ನು ನೋಡಿದರು, ಕಿಟಕಿಯನ್ನು ನೋಡಿದರು. “ಇದರ ಕುಬಸಾ ತೊಟ್ಟು ನಾ ಹೊರಗ ಬಂದ್ರ ಮಂದಿ ನನ್ನ ಗಾಡಿ ಅಂತ ಹತ್ತಿ ಕೂಡ್ತಾರಲ್ರಿ ಅಕ್ಕಾರ.”

“ಆಯಿ, ದಡಿ ಮ್ಯಾಲ ಇಡ್ತೀಯೋ ಕೆಳಗ ಇಡ್ತೀಯೋ?” ಎಂದಳು ಹುಡುಗಿ. ಆಗ ಅಜ್ಜಿ ನಕ್ಕಳು. ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು.

“ನಾ ಎಲ್ಲಿ ಮಕ್ಕೊಳ್ಳಿ?” ಎಂದ ಅಜ್ಜ.

“ಹೊರಗ ಕಟ್ಟಿ ಐತಲ್ಲ,” ಎಂದಳು ಅಜ್ಜಿ. “ಕಟ್ಟಿ ಮನ್ಯಾಗ ಬರೂದಿಲ್ಲ.”

ನನಗೆ ಆ ರೂಢಿ ತಾಗುವುದಿಲ್ಲ. ಹುಡುಗಿಯ ಜೊತೆ ಮಾಳಿಗೆಯ ಮೇಲೆ ಮಲಗಿದೆ. ಕೆಳಗಿನಿಂದ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು. ಒಬ್ಬರದು ಜೋರು, ಒಬ್ಬರದು ಮೆಲ್ಲಗೆ. ಕೇಳಿಸಿಕೊಳ್ಳಬಾರದೆಂದು ನಾನು ಮಗ್ಗುಲು ಬದಲಿಸಿದೆ.

ಮುಂಜಾನೆ ಇಳಿದು ಬಂದಾಗ ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ಬೀಗತಿ ಕಿಟಕಿಯ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದರು. ಹುಡುಗನ ಒಂದು ಮುಷ್ಟಿಯಲ್ಲಿ ಅವರ ಸೆರಗು. ಅವನ ತಲೆ ಮತ್ತು ಎರಡೂ ಕಾಲು ಅಜ್ಜಿಯ ಮೇಲಿದ್ದವು. ಅಜ್ಜಿಗೆ ಎಚ್ಚರವಿತ್ತು. ಅವನ ತಲೆಯ ಕೆಳಗೆ ಸಿಕ್ಕ ತೋಳನ್ನು ಅವಳು ಕದಲಿಸಿರಲಿಲ್ಲ. ನನ್ನನ್ನು ನೋಡಿ, ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದಳು.

ಅಜ್ಜ ಮುಖ ತೊಳೆದು, ತಲೆಗೆ ಟವೆಲ್ ಸುತ್ತಿ ತಯಾರಾಗಿದ್ದ. “ಕೆರಿಗೆ ಹೋಗೂದಿಲ್ಲೇನು? ಬಿಸಲ ಏರತೈತಿ ಮತ್ತ.”

“ನಾಳೆ ಹೋಗೂಣಜ್ಜಾ,” ಎಂದೆ.

ಬಿಸಿಲು ಆಗಲೇ ಬೇವಿನ ಕೆಳಗಿನ ಟೊಂಗೆಯಿಂದ ಜಾರಿ ಮಂಚದ ತುದಿಗೆ ಬಂದಿತ್ತು. ನಾನು ಕಟ್ಟೆಯ ಮೇಲಿದ್ದ ಅಜ್ಜನ ಜಮಖಾನೆಯನ್ನು ಝಾಡಿಸಿ, ಒಂದು ಅಂಚನ್ನು ವ್ಯಾನಿನ ಮೇಲಿನ ಕ್ಯಾರಿಯರಿಗೂ ಇನ್ನೊಂದನ್ನು ಟೊಂಗೆಗೂ ಕಟ್ಟಿದೆ. ನೆರಳು ಹುಡುಗನ ಮುಖದ ಮೇಲೆ ಬಂತು. ಅವನು ಮುಖ ಗಂಟಿಕ್ಕಿ, ಮತ್ತೆ ಸಡಿಲಿಸಿದ. ಇನ್ನೇನು ಏಳುತ್ತಾನೆ ಅನಿಸಿತು. ಅದನ್ನು ನೋಡಲು ನಾನು ನಿಲ್ಲಲಿಲ್ಲ. ಅತ್ತೆಯಿಂದ ಪಾತ್ರೆ ಇಸಿದುಕೊಂಡು ಹಾಲು ತರಲು ಹೋದೆ.