ಜನ್ಮದಲ್ಲಿ ಮುರಿಯದ ಕಪ್ಲಿಂಗ್

ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿಯ ತಳದಿಂದ ರಬ್ಬರು ಸುಟ್ಟ ವಾಸನೆ ಬಂತು. ಜಾರನ್ನು ತಿರುಗಿಸುವ ಕಪ್ಪು ಕಪ್ಲಿಂಗ್ ಹಲ್ಲೆಲ್ಲ ಉದುರಿಸಿಕೊಂಡು ಕೂತಿತ್ತು. ನಿಮ್ಮ ಮನೆಯಲ್ಲೂ ಆಗಿರುತ್ತದೆ ಬಿಡಿ. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಮಾವನವರ ಕಾರು.

ನಾನು ಮೈಸೂರಿನಿಂದ ಸೊಸೆಯಾಗಿ ಮುಂಬಯಿಯ ವಿಲೆ ಪಾರ್ಲೆಗೆ ಬಂದಾಗಲೇ ಅದು ಮುದಿ ಕಾರು. ಮಾವ ಪ್ರತಿ ಭಾನುವಾರ ಬನಿಯನ್ನಿನಲ್ಲಿ ಕೆಳಗಿಳಿದು ಅದನ್ನು ತೊಳೆಯುತ್ತಿದ್ದರು. ನಾನೋ ವಾಚಾಳಿ, ಅವರದು ಎಲ್ಲದಕ್ಕೂ ಒಂದೇ "ಹೂಂ". ಅವರಿಗೆ ನಾನು ಹಿಡಿಸಿಲ್ಲವೆಂದೇ ಅಂದುಕೊಂಡಿದ್ದೆ.

ಆ ವರ್ಷ ಅತ್ತೆಗೆ ದಾದರಿನಲ್ಲಿ ಮಂಡಿ ಆಪರೇಶನ್ ಆಯಿತು. "ಮನೆಗೆ ಬಂದರೆ ನಮ್ಮ ಕಾರಲ್ಲೇ" ಎಂದು ಅವರ ಹಟ. ಕರೆತರಲು ಎರಡು ದಿನವಿದೆ ಎನ್ನುವಾಗ ಎಂಜಿನ್ನಿಗೆ ನೀರು ಹರಿಸುವ ಪಂಪಿನ ಕಪ್ಲಿಂಗ್ ಹರಿಯಿತು. ಪಂಪನ್ನೂ ಅದನ್ನು ತಿರುಗಿಸುವ ದಂಡವನ್ನೂ ಜೋಡಿಸುವ ರಬ್ಬರಿನ ಬಿಲ್ಲೆ ಅದು, ಅಷ್ಟೇ. ವಿಜಯಪುರದ ಕಡೆಯ ಮೆಕ್ಯಾನಿಕ್ ಬಸಪ್ಪ, ಹಳೆ ಟೈರಿನಲ್ಲಿ ಒಂದು ಕತ್ತರಿಸಿ ಹಾಕುತ್ತೇನೆಂದ. ಅತ್ತೆ ಕೂರುವ ಕಾರಿಗೆ ಟೈರಿನ ತುಂಡೇ! ನಾನು ಹರಿದ ಬಿಲ್ಲೆಯನ್ನು ಪರ್ಸಿಗೆ ಹಾಕಿಕೊಂಡು, ಲೋಕಲ್ ರೈಲಿನಲ್ಲಿ ನಿಂತೇ ಬೊರಿವಲಿಗೆ ಹೋಗಿ, ಲೇತ್ ಅಂಗಡಿಯಲ್ಲಿ ಅದೇ ಅಳತೆಯ ಹಿತ್ತಾಳೆಯದನ್ನು ಮಾಡಿಸಿ ತಂದೆ.

"ಇದು ಜನ್ಮದಲ್ಲಿ ಮುರಿಯೋಲ್ಲ ಮಾವ" ಎಂದೆ. ಅವರು ತಿರುಗಿಸಿ ತಿರುಗಿಸಿ ನೋಡಿ "ಹೂಂ" ಎಂದರು. ಬಸಪ್ಪನಿಂದ ಅದನ್ನೇ ಹಾಕಿಸಿದರು.

ಅದು ಮುರಿಯಲಿಲ್ಲ, ನಿಜ. ಅತ್ತೆಯನ್ನು ಕೂರಿಸಿಕೊಂಡು ಮಾಹಿಮ್ ದಾಟುವಷ್ಟರಲ್ಲಿ ಪಂಪೇ ಮುರಿಯಿತು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. "ನನ್ನ ಮಂಡಿ ರಿಪೇರಿಯಾಯ್ತು, ಇದರದು ಹೋಯ್ತು" ಎನ್ನುತ್ತ ಅತ್ತೆ ಟ್ಯಾಕ್ಸಿ ಹತ್ತಿದರು. ಮಾವ ನನ್ನತ್ತ ತಿರುಗಿ, "ಬಿಡಮ್ಮ, ಹಳೇ ಪಂಪು. ಅದರ ಕಾಲ ಮುಗಿದಿತ್ತು" ಎಂದರು. ನನ್ನೊಡನೆ ಅವರಾಡಿದ ಅತಿ ಉದ್ದದ ಮಾತು ಅದು. ನಾನು ನಂಬಿದೆ. ಅಂಥ ಪಂಪು ಮತ್ತೆಲ್ಲೂ ಸಿಗದೆ ಕಾರು ರಸ್ತೆಗಿಳಿಯಲೇ ಇಲ್ಲ. ಮಾವ ಮಾತ್ರ ಭಾನುವಾರ ತೊಳೆಯುವುದನ್ನು ಬಿಡಲಿಲ್ಲ.

ಅವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದ ಬಸಪ್ಪ ಹೇಳಿದ:

"ರಬ್ಬರ್ ಇದ್ರ ಅದು ಹರೀತೈತ್ರಿ ಅಕ್ಕಾರ, ಪಂಪ್ ಉಳೀತೈತಿ. ಹಿತ್ತಾಳಿ ಬಗ್ಗೂದಿಲ್ಲ, ಪಂಪಿನ್ನ ಮುರೀತೈತಿ. ಸಾಹೇಬ್ರಿಗೆ ನಾ ಆವತ್ತ ಹೇಳಿದ್ದೆ. 'ಗೊತ್ತಪ್ಪ. ಹುಡುಗಿ ಅಷ್ಟು ದೂರ ಹೋಗಿ ತಂದಿದಾಳೆ, ಹಾಕು' ಅಂದ್ರು."

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಮನಸಾರೆ ಅತ್ತುಬಿಟ್ಟೆ. ನನ್ನ ಮೇಲೆ ಅವರಿಗೆ ಅಷ್ಟು ಪ್ರೀತಿಯಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಇವತ್ತು ಸಂಜೆ ನನ್ನ ಸೊಸೆ ಋತುಜಾ ಆಫೀಸಿನಿಂದ ಬಂದಳು. ಮರಾಠಿ ಹುಡುಗಿ, ಕನ್ನಡ ಇನ್ನೂ ತಡವರಿಸುತ್ತದೆ. ಬೆಳಿಗ್ಗೆ ಮಿಕ್ಸಿಯ ಮುಂದೆ ನಾನು ಗೊಣಗಿದ್ದನ್ನು ಕೇಳಿಸಿಕೊಂಡು ಹೋದವಳು ದಾದರಿನಲ್ಲಿ ಇಳಿದು ನಾಲ್ಕಾರು ಅಂಗಡಿ ಸುತ್ತಿದಳಂತೆ. ಎಲ್ಲರೂ ರಬ್ಬರಿನದೇ ಕೊಡಲು ಬಂದರಂತೆ, ಇವಳೇ ಬೇಡವೆಂದಳಂತೆ.

"ಅಮ್ಮ, ಸ್ಟೀಲ್‌ದು ಮಾಡಿಸಿ ತಂದೆ. ಅಬ್ ಕಭೀ ನಹೀ ಟೂಟೇಗಾ, ಯಾವತ್ತೂ ಮುರಿಯೋಲ್ಲ!"

ಅವಳ ಹಣೆಯ ಬೆವರು ಇನ್ನೂ ಆರಿರಲಿಲ್ಲ. ಮಿಕ್ಸಿಯ ಮೋಟಾರಿನ ಗತಿ ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ.

"ಹೂಂ" ಎಂದೆ. "ಹಾಕಮ್ಮ."