ಹಸುವಿಗಿಲ್ಲದ ವಿಚಾರಣೆ

ಬಾಳೂರಿನ ನಮ್ಮ ತವರುಮನೆಗೆ ಹೋಗುವ ದಾರಿಯಲ್ಲಿ ಒಂದು ಆಲದ ಮರವಿದೆ; ಅದರಲ್ಲಿ ಬಿಳಲುಗಳಿಗಿಂತ ಚೀಲಗಳೇ ಹೆಚ್ಚು. ಯಾರೋ ಬುತ್ತಿ ಮರೆತು ಹೋಗಿದ್ದಾರೆಂದು ಹೊಸಬರು ತಿಳಿದಾರು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಚೀಲದಲ್ಲಿ ಕಟ್ಟಿ ಹಾಲು ಸುರಿಸುವ ಮರಕ್ಕೆ ತೂಗುಹಾಕಿದರೆ ಹಸುವಿನ ಹಾಲೂ ಹೆಚ್ಚುತ್ತದೆಂದು ನಮ್ಮವರ ನಂಬಿಕೆ. ಮೂಡಿಗೆರೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನಾನು ಅದರಡಿಯಲ್ಲಿ ಮೂಗು ಮುಚ್ಚಿಕೊಂಡು, ಎಲ್ಲ ಬಲ್ಲವಳ ಗತ್ತಿನಲ್ಲಿ ನಸುನಕ್ಕು ಸಾಗುತ್ತಿದ್ದೆ. ಆ ಗತ್ತು ಇಳಿದದ್ದು ಹೇಗೆಂದು ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತಮ್ಮನ ಹೆಂಡತಿ ಸವಿತಾಳ ಹೊಟ್ಟೆಯಲ್ಲಿದ್ದ ಕೂಸು ಐದನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಬಂದವಳು ಮಲಗುವ ಮೊದಲೇ ವಿಚಾರಣೆ ಶುರು. ನನ್ನ ಅಮ್ಮನೇ ನ್ಯಾಯಾಧೀಶೆ, ನೆರೆಹೊರೆಯ ಹೆಂಗಸರೆಲ್ಲ ವಕೀಲರು. ಪಪ್ಪಾಯಿ ತಿಂದಳೇ, ಅಟ್ಟ ಹತ್ತಿದಳೇ, ಕೊಡ ಎತ್ತಿದಳೇ? ಕಡೆಗೆ ಕಳಸದ ಮದುವೆಗೆ ಜೀಪಿನಲ್ಲಿ ಹೋಗಿದ್ದಳೆಂಬ ಸಾಕ್ಷ್ಯ ಸಿಕ್ಕು ಮೊಕದ್ದಮೆ ತೀರ್ಮಾನವಾಯಿತು. ಈ ಸೀಮೆಯ ಬಸುರಿಯರು ಹೆರಿಗೆಗೆ ಹೋಗುವುದೂ ಅದೇ ಜೀಪಿನಲ್ಲಿ, ಅದೇ ಹೊಂಡಗಳ ಮೇಲೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಜೀಪಿನಲ್ಲೇ ಹುಟ್ಟಿ ಗುಂಡುಗುಂಡಾಗಿ ಬೆಳೆದ ಮಕ್ಕಳು ಊರಿನಲ್ಲಿ ಇಬ್ಬರಿದ್ದಾರೆ. ಮರುವರ್ಷ ಎರಡನೇ ಕೂಸೂ ಹೋದಾಗ, ಈ ಬಾರಿ ಅಂಗಳವನ್ನೂ ದಾಟಿರದ ಆ ಹುಡುಗಿಯ ಮೇಲೆ ಪಪ್ಪಾಯಿಯ ಹಳೆಯ ಆರೋಪವನ್ನೇ ಮತ್ತೆ ಹೊರಿಸಿದರು. ತನ್ನ ಮಕ್ಕಳನ್ನು ತಾನೇ ಕೊಂದೆನೆಂದು ಅವಳೂ ನಂಬಿಬಿಟ್ಟಳು.

ಈ ಸಲ ಚಿಕ್ಕಮಗಳೂರಿನ ವೈದ್ಯೆಯೊಬ್ಬರು ಮಾಸನ್ನು, ಪುಸ್ತಕದ ಮಾತಿನಲ್ಲಿ ಜರಾಯುವನ್ನು, ಪರೀಕ್ಷೆಗೆ ಕಳಿಸಿದರು. ವರದಿ ತರಲು ಸವಿತಾಳ ಜೊತೆ ಹೋದವಳು ನಾನು. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಅವರು ವಿವರಿಸಿದ್ದು ಇಷ್ಟು: ಮಾಸಿನ ಜೀವಕೋಶಗಳು ಮನಬಂದಂತೆ ಬೆಳೆಯುವುದಿಲ್ಲ, ಮನಬಂದಂತೆ ಸಾಯುವುದೂ ಇಲ್ಲ, ಅವಕ್ಕೆ ಸಂದೇಶ ಮುಟ್ಟಿಸುವ ಪ್ರೋಟೀನುಗಳಿವೆ. ಒಂದು ಬೆಳೆ ಎನ್ನುತ್ತದೆ, ಒಂದು ಸಾಕು ಎನ್ನುತ್ತದೆ, ಮತ್ತೊಂದು ನಿನ್ನ ಕೆಲಸ ಮುಗಿಯಿತು, ಸಾಯಿ ಎನ್ನುತ್ತದೆ. ಆ ಸಾವೂ ಬೇಕು. ಕಾಫಿ ಗಿಡದ ಬೇಡದ ಚಿಗುರು ತೆಗೆದ ಹಾಗೆ, ಹಳೆಯ ಕೋಶ ಹೋದರೆ ತಾನೆ ಹೊಸದಕ್ಕೆ ಜಾಗ. ಹದ ತಪ್ಪಿ ಸಾವಿನ ಅಪ್ಪಣೆಯೇ ಹೆಚ್ಚಾದರೆ ಮಾಸು ಕುಗ್ಗುತ್ತದೆ, ಕೂಸಿಗೆ ಪೋಷಣೆ ಸಾಲದಾಗುತ್ತದೆ. ಸವಿತಾಳ ಮಾಸು ತೀರ ಚಿಕ್ಕದಿತ್ತು, ಅಲ್ಲಲ್ಲಿ ಸತ್ತುಹೋಗಿತ್ತು. ಹದ ಯಾಕೆ ತಪ್ಪಿತೆಂದು ಹೇಳುವಷ್ಟು ನಮ್ಮ ವಿದ್ಯೆ ಇನ್ನೂ ಬೆಳೆದಿಲ್ಲ, ಆದರೆ ಇವಳ ತಪ್ಪಂತೂ ಏನೂ ಇಲ್ಲ ಎಂದರು.

ಮನೆಯ ಆ ವಿಚಾರಣೆಗಳನ್ನು ನೆನೆದು ನನಗೆ ಮೈಯೆಲ್ಲ ಉರಿದುಹೋಯಿತು. ‘ಜರಾಯು ಎಂದರೇನು?’ ಎಂಬ ಪ್ರಶ್ನೆಗೆ ಎರಡು ಅಂಕದ ಉತ್ತರ ಬರೆಸಿ ಇಷ್ಟು ವರ್ಷ ಕೈತೊಳೆದುಕೊಂಡಿದ್ದ ನನ್ನ ಮೇಲೂ ಸಿಟ್ಟು ಬಂತು. ಮನೆಗೆ ಬಂದವಳೇ ಚೀಟಿ ಹಿಡಿದು ಅಮ್ಮನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಅಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಆ ಪ್ರೋಟೀನು ಪಪ್ಪಾಯಿಯಲ್ಲಿ ಇರುತ್ತದೆಯೇ ಎಂದು ವಿಚಾರಿಸಿದಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು; ಕರು ಉಳಿಯಲಿಲ್ಲ. ಅಮ್ಮ ಓಡಿಹೋಗಿ ಅದರ ಮೈದಡವಿದಳು, ಬಿಸಿ ಗಂಜಿ ಕುಡಿಸಿದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಪಾಪ, ಅದೇನ್ ಮಾಡ್ತದೆ. ಅದಕ್ಕೂ ಸಂಕಟ ಇರ್ತದಲ್ಲ.”

ಯಾವ ಗುಡ್ಡ ಹತ್ತಿತ್ತು, ಯಾವ ಬೇಲಿ ಹಾರಿತ್ತು ಎಂದು ಹಸುವನ್ನು ಯಾರೂ ಕೇಳಲಿಲ್ಲ. ಸವಿತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಓದುಗರೇ, ನಿಮ್ಮಿಂದ ಇಲ್ಲಿಯವರೆಗೆ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಮೊದಲನೆಯ ಸಲ ‘ಆ ಜೀಪು ಹತ್ತಬಾರದಿತ್ತು ನೀನು’ ಎಂದವರಲ್ಲಿ ಈ ಜೀವಶಾಸ್ತ್ರದ ಟೀಚರೂ ಒಬ್ಬಳು. ಸವಿತಾಳ ಪಕ್ಕಕ್ಕೆ ಹೋಗಿ, ತಪ್ಪಾಯ್ತು ಕಣೆ, ಡಾಕ್ಟರು ಹೇಳಿದ ಮೇಲೆ ನನಗೆ ಗೊತ್ತಾಯ್ತು ಎಂದೆ.

ಅವಳು ಹಸುವಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಅದರ ತಪ್ಪಿಲ್ಲ ಅನ್ನೋಕೆ ಯಾವ ಡಾಕ್ಟ್ರೂ ಬೇಕಾಗ್ಲಿಲ್ಲ ಅಲ್ವಾ ಅತ್ತಿಗೆ?” ಎಂದಳು.

ಆಲದ ಮರದಲ್ಲಿ ಚೀಲಗಳು ಈಗಲೂ ತೂಗುತ್ತಿವೆ. ಅದರಡಿಯಲ್ಲಿ ಹೋಗುವಾಗ ಇಂದಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.